ಬಿಡುಗಡೆಯೇ ಆಗದ ಒಂದನೆಯ ಆವೃತ್ತಿ

ನಮ್ಮ ಓದುಗರಲ್ಲಿ ಹಲವರ ಮನೆಯಲ್ಲಿ ಮಗನೋ ಸೊಸೆಯೋ ಕಂಪ್ಯೂಟರ್ ಕೆಲಸದಲ್ಲಿರುತ್ತಾರೆ. "ಈ ವಾರ ರಿಲೀಸ್ ಇದೆ, ಊಟಕ್ಕೆ ಕಾಯಬೇಡಿ" ಎಂಬ ಮಾತು ಅಂಥ ಮನೆಗಳಿಗೆ ಹೊಸದಲ್ಲ. ಈ ರಿಲೀಸ್, ಅಂದರೆ ಬಿಡುಗಡೆ ಎಂಬುದಕ್ಕೂ ಒಂದು ಇತಿಹಾಸವುಂಟು. ಅದರಲ್ಲಿ ಡೆಬಿಯನ್ ಎಂಬ ತಂತ್ರಾಂಶದ ಕಥೆ ಸ್ವಾರಸ್ಯಕರವಾದುದು.

1993ರ ಆಗಸ್ಟ್‌ನಲ್ಲಿ ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಇದನ್ನು ಆರಂಭಿಸಿದರು. ಲಿನಕ್ಸ್‌ಗಾಗಿ ಎಷ್ಟೋ ಜನ ಬರೆದಿದ್ದ ಬಿಡಿ ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದಿಸಿ, ಯಾರು ಬೇಕಾದರೂ ಬಳಸುವಂತೆ, ತಿದ್ದುವಂತೆ ಒದಗಿಸುವುದು ಉದ್ದೇಶ. ದುಡಿದವರು ಬಹುಮಟ್ಟಿಗೆ ಸ್ವಯಂಸೇವಕರು. (ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದವರಿಗೆ ಇದರ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.)

1995ರ ಕೊನೆಗೆ 1.0 ಆವೃತ್ತಿಯ ಸಿದ್ಧತೆ ನಡೆದಿತ್ತು. ಆಗ ಇನ್ಫೋಮ್ಯಾಜಿಕ್ ಎಂಬ ಸಿ.ಡಿ. ಮಾರಾಟದ ಕಂಪೆನಿ, ಅರೆಬೆಂದ ಪ್ರತಿಯೊಂದನ್ನು "ಡೆಬಿಯನ್ 1.0" ಎಂದು ಹೆಸರಿಸಿ ತನ್ನ 5 ಸಿ.ಡಿ.ಗಳ ಕಟ್ಟಿನಲ್ಲಿ ಸೇರಿಸಿಬಿಟ್ಟಿತು. ದುರುದ್ದೇಶವಲ್ಲ, ಅಚಾತುರ್ಯ. ಆದರೆ ಅದನ್ನು ಹಾಕಿದರೆ ಕಂಪ್ಯೂಟರ್ ಚಾಲೂ ಆಗುವುದೇ ಅನುಮಾನ! ಇದು ನಿಜವಾದ 1.0 ಅಲ್ಲ, ಬಳಸಬೇಡಿ ಎಂದು ಡಿಸೆಂಬರ್ 11ರಂದು ಎರಡೂ ಕಡೆಯವರು ಕೂಡಿಯೇ ಪ್ರಕಟಿಸಬೇಕಾಯಿತು. ಡೆಬಿಯನ್‌ನವರು ಆ ಸಂಖ್ಯೆಯನ್ನೇ ಕೈಬಿಟ್ಟರು. 1996ರ ಜೂನ್ 17ರಂದು ಹೊರಬಂದದ್ದು 1.1. ಒಂದನೆಯದು ಇಂದಿಗೂ ಇಲ್ಲ.

ಆ 1.1ಕ್ಕೆ "ಬಜ್" ಎಂಬ ಅಡ್ಡಹೆಸರೂ ಇತ್ತು. ಮುಂದಾಳು ಬ್ರೂಸ್ ಪೆರೆನ್ಸ್ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿದ್ದವರು. ಅಲ್ಲಿ ತಯಾರಾದ "ಟಾಯ್ ಸ್ಟೋರಿ" ಚಿತ್ರದ ಪಾತ್ರಗಳ ಹೆಸರುಗಳೇ ಅಂದಿನಿಂದ ಆವೃತ್ತಿಗಳಿಗೆ ಬಂದಿವೆ. ಸದಾ ಕಚ್ಚಾ ಆಗಿಯೇ ಇರುವ ವಿಭಾಗಕ್ಕೆ ಇಟ್ಟ ಹೆಸರು "ಸಿಡ್", ಅಂದರೆ ಆ ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ನೆರೆಮನೆಯ ತುಂಟ. ಎಚ್ಚರಿಕೆಯ ಫಲಕ ಬೇರೆ ಬೇಕೆ?

2000ದ ಕೊನೆಗೆ ಕಚ್ಚಾ ಮತ್ತು ಸ್ಥಿರ ವಿಭಾಗಗಳ ನಡುವೆ "ಪರೀಕ್ಷೆ" ಎಂಬ ಮೂರನೆಯದು ಬಂತು. ಸಿಡ್‌ನಲ್ಲಿ ಕೆಲವು ದಿನ ಇದ್ದು, ಹೊಸ ಗಂಭೀರ ದೋಷ ಕಾಣದಿದ್ದರೆ ತಂತ್ರಾಂಶ ಪರೀಕ್ಷೆಗೆ ಏರುತ್ತದೆ. ಸಕಾಲದಲ್ಲಿ ಹೊಸದೇನೂ ಸೇರದಂತೆ ಬಾಗಿಲು ಮುಚ್ಚಿ, ಉಳಿದ ದೋಷಗಳನ್ನು ತಿದ್ದಿ, ಸ್ಥಿರವೆಂದು ಬಿಡುಗಡೆ ಮಾಡುತ್ತಾರೆ. ಅನ್ನ ಬೆಂದಿತೇ ಎಂದು ನೋಡಲು ಒಂದಗುಳು ಸಾಕು. ಇಲ್ಲಿ ಸಾಲದು, ಬಳಸುವವರು ಹೆಚ್ಚಿದಷ್ಟೂ ದೋಷ ಹೊರಬೀಳುತ್ತದೆ.

ಇದಕ್ಕೆ ತೆತ್ತ ಬೆಲೆ ನಿಧಾನ. 2002ರ ಜುಲೈನಲ್ಲಿ "ವುಡಿ" ಬಂದ ಮೇಲೆ ಮುಂದಿನ "ಸಾರ್ಜ್" ಬಂದದ್ದು 2005ರ ಜೂನ್‌ನಲ್ಲಿ. ಅಷ್ಟರಲ್ಲಿ ಡೆಬಿಯನ್ನನ್ನೇ ಆಧರಿಸಿ, ಆರು ತಿಂಗಳಿಗೊಮ್ಮೆ ಬಿಡುಗಡೆ ಎನ್ನುತ್ತ ಉಬುಂಟು 2004ರಲ್ಲಿ ಹೊರಟೂ ಆಗಿತ್ತು. ಕಾದವರ ಬೇಸರ ಅನ್ಯಾಯದ್ದೇನಲ್ಲ.

ಕಾದರೆ ಎಲ್ಲವೂ ಸಿಕ್ಕಿಬೀಳುತ್ತದೆಂದೂ ಅಲ್ಲ. ಗುಪ್ತಕೀಲಿ ತಯಾರಿಸುವ ಓಪನ್ ಎಸ್‌ಎಸ್‌ಎಲ್‌ನಲ್ಲಿ ಡೆಬಿಯನ್‌ನವರೇ 2006ರಲ್ಲಿ ಮಾಡಿದ ತಿದ್ದುಪಡಿಯಿಂದ ಕೀಲಿಗಳು ಸುಲಭವಾಗಿ ಊಹಿಸುವಂತಾದವು. ಹೊರನೋಟಕ್ಕೆ ಏನೂ ಕೆಟ್ಟಿರಲಿಲ್ಲವಾಗಿ ಅದು ಪರೀಕ್ಷೆ ದಾಟಿ ಸ್ಥಿರ ಆವೃತ್ತಿಗೂ ನುಸುಳಿತು. ಬಯಲಾದದ್ದು 2008ರ ಮೇನಲ್ಲಿ.

2024ರಲ್ಲಿ ಬೇರೆಯೇ ಆಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದಲ್ಲಿ, ವರ್ಷಗಟ್ಟಲೆ ದುಡಿದು ನಂಬಿಕೆ ಗಳಿಸಿದ್ದ ಒಬ್ಬರ ಹೆಸರಿನಿಂದಲೇ ಕಳ್ಳಬಾಗಿಲೊಂದು ಸೇರಿತ್ತು. ಅದು ಸಿಡ್‌ಗೂ ಪರೀಕ್ಷಾ ವಿಭಾಗಕ್ಕೂ ಬಂದಾಗಿತ್ತು. ಸಿಡ್ ಬಳಸುತ್ತಿದ್ದ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರಿಗೆ ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದೇಕೆಂಬ ಸಂಶಯ ಹುಟ್ಟಿತು. ಅರ್ಧ ಸೆಕೆಂಡು! ಬೆನ್ನುಹತ್ತಿದ ಅವರು ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಕಳ್ಳಬಾಗಿಲಿದ್ದದ್ದು 5.6ರಲ್ಲಿ. ಆಗಿನ ಸ್ಥಿರ ಆವೃತ್ತಿ "ಬುಕ್‌ವರ್ಮ್"ನಲ್ಲಿದ್ದದ್ದು ಹಳೆಯ 5.4.