ಏರ್ ಕಂಪ್ರೆಸರ್ ಆಯ್ಕೆ: ಅಶ್ವಶಕ್ತಿಗಿಂತ ಗಾಳಿಯ ಲೆಕ್ಕ ಮುಖ್ಯ

ಗಣೇಶನ ಹಬ್ಬಕ್ಕೆ ಕೆಲವೇ ವಾರಗಳಿರುವಾಗ ಮೂರ್ತಿ ತಯಾರಕರ ಮನೆಗಳಲ್ಲಿ ಬಣ್ಣದ ಕೆಲಸ ಬಿರುಸುಗೊಳ್ಳುತ್ತದೆ. ಕುಂಚದಿಂದಲೇ ನಡೆಯುತ್ತಿದ್ದ ಈ ಕೆಲಸಕ್ಕೆ ಈಗ ಹಲವೆಡೆ ಏರ್‌ಬ್ರಷ್ ಮತ್ತು ಸ್ಪ್ರೇ ಗನ್ ಬಂದಿವೆ. ಮಾದರಿ ವಿಮಾನ ಕಟ್ಟುವ ಹವ್ಯಾಸಿಗಳು, ಹೆಲ್ಮೆಟ್ ಮೇಲೆ ಚಿತ್ತಾರ ಬಿಡಿಸುವ ಕಲಾವಿದರು, ಮನೆಯಲ್ಲೇ ಮರಗೆಲಸದ ಮೇಜು ಹಾಕಿಕೊಂಡವರು ಇವರೆಲ್ಲರಿಗೂ ಒಂದಲ್ಲ ಒಂದು ದಿನ ಏರ್ ಕಂಪ್ರೆಸರ್ ಬೇಕಾಗುತ್ತದೆ. ಅಂಗಡಿಯಲ್ಲಿ ಮೊದಲು ಏಳುವ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದು. ಆದರೆ ಯಂತ್ರವು ಕೆಲಸಕ್ಕೆ ಒದಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅಶ್ವಶಕ್ತಿಯಲ್ಲ. ಬೇಕಾದ ಒತ್ತಡದಲ್ಲಿ ಅದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಎಂಬ ಲೆಕ್ಕ.

ಒತ್ತಡ ಬೇರೆ, ಹರಿವು ಬೇರೆ

ಮನೆಯ ಮೇಲಿನ ನೀರಿನ ಟ್ಯಾಂಕ್ ಎಷ್ಟೇ ಎತ್ತರದಲ್ಲಿದ್ದರೂ ಪೈಪು ಸಣ್ಣದಾಗಿದ್ದರೆ ಬಕೆಟ್ ಬೇಗ ತುಂಬುವುದಿಲ್ಲ. ಗಾಳಿಯ ವಿಷಯದಲ್ಲೂ ಹಾಗೆಯೇ. ಒತ್ತಡವನ್ನು ಬಾರ್ ಅಥವಾ ಪಿಎಸ್‌ಐ ಮಾನದಲ್ಲಿ ಅಳೆಯುತ್ತಾರೆ; 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಹರಿವನ್ನು ನಿಮಿಷಕ್ಕೆ ಇಷ್ಟು ಲೀಟರ್ ಅಥವಾ ಇಷ್ಟು ಘನ ಅಡಿ, ಅಂದರೆ ಸಿಎಫ್‌ಎಂ, ಎಂದು ಹೇಳುತ್ತಾರೆ; 1 ಸಿಎಫ್‌ಎಂ ಸುಮಾರು 28 ಲೀಟರ್‌ಗೆ ಸಮ.

ಏರ್‌ಬ್ರಷ್‌ಗೆ ಸಾಮಾನ್ಯವಾಗಿ 15ರಿಂದ 30 ಪಿಎಸ್‌ಐ ಒತ್ತಡ ಮತ್ತು ನಿಮಿಷಕ್ಕೆ 10ರಿಂದ 20 ಲೀಟರ್ ಗಾಳಿ ಸಾಕು. ಬಾಗಿಲು, ಕಪಾಟುಗಳಿಗೆ ಬಣ್ಣ ಹೊಡೆಯುವ ದೊಡ್ಡ ಸ್ಪ್ರೇ ಗನ್ ಅನೇಕ ವೇಳೆ 8ರಿಂದ 12 ಸಿಎಫ್‌ಎಂ, ಅಂದರೆ 225ರಿಂದ 340 ಲೀಟರ್ ಕೇಳುತ್ತದೆ. ಒತ್ತಡದಲ್ಲಿ ಇವೆರಡಕ್ಕೂ ಭಾರಿ ಅಂತರವಿಲ್ಲ. ಹರಿವಿನಲ್ಲಿ ಹತ್ತಾರು ಪಟ್ಟು ಅಂತರವಿದೆ. ಇದನ್ನು ಗಮನಿಸದೆ ಕೊಂಡವರೇ ‘ಗಾಳಿ ಸಾಲುತ್ತಿಲ್ಲ’ ಎಂದು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಯಂತ್ರದ ಫಲಕದ ಮೇಲೆ ಬರೆದಿರುವ ಅಂಕಿ ಹಲವು ಸಲ ಪಿಸ್ಟನ್ ಒಳಗೆಳೆದುಕೊಳ್ಳುವ ಗಾಳಿಯದು, ಹೊರಗೆ ಬರುವ ಗಾಳಿಯದಲ್ಲ. ಸಣ್ಣ ಯಂತ್ರಗಳಲ್ಲಿ ನಿಜವಾಗಿ ದೊರೆಯುವ ಗಾಳಿ ಅದಕ್ಕಿಂತ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಇರುವುದು ಸಾಮಾನ್ಯ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು?

24 ಲೀಟರ್ ಟ್ಯಾಂಕಿನ ಒತ್ತಡ 8 ಬಾರ್‌ನಿಂದ 2 ಬಾರ್‌ಗೆ ಇಳಿಯುವಷ್ಟರಲ್ಲಿ ಹೊರಬರುವ ಗಾಳಿ 24ರ 6 ಪಟ್ಟು, ಅಂದರೆ 144 ಲೀಟರ್. ನಿಮಿಷಕ್ಕೆ 15 ಲೀಟರ್ ಬಳಸುವ ಏರ್‌ಬ್ರಷ್‌ಗೆ, ಮೋಟಾರ್ ನಿಲ್ಲಿಸಿಟ್ಟರೂ, ಇದು ಒಂಬತ್ತು ನಿಮಿಷಗಳಿಗೂ ಹೆಚ್ಚು ಕಾಲ ಸಾಕು. ಅದೇ ಗಾಳಿಯನ್ನು 8 ಸಿಎಫ್‌ಎಂ ಗನ್ 40 ಸೆಕೆಂಡು ತುಂಬುವ ಮೊದಲೇ ಮುಗಿಸುತ್ತದೆ. ಟ್ಯಾಂಕ್ ಎಂಬುದು ಉಳಿತಾಯದ ಡಬ್ಬಿಯೇ ಹೊರತು ಆದಾಯವಲ್ಲ. ದೊಡ್ಡ ಗನ್ ನಿರಂತರ ನಡೆಯಬೇಕಾದರೆ ಯಂತ್ರದ ಹರಿವೇ ಹೆಚ್ಚಿರಬೇಕು.

ಏರ್‌ಬ್ರಷ್ ಮಾತ್ರ ಬಳಸುವವರಿಗೆ ನಿಮಿಷಕ್ಕೆ 20ರಿಂದ 25 ಲೀಟರ್ ಗಾಳಿ ನೀಡುವ, 3 ಲೀಟರ್ ಟ್ಯಾಂಕಿನ ಪುಟ್ಟ ಪಿಸ್ಟನ್ ಕಂಪ್ರೆಸರ್ ಯೋಗ್ಯ. ಟ್ಯಾಂಕ್ ಇಲ್ಲದ ಯಂತ್ರದಲ್ಲಿ ಗಾಳಿ ಮಿಡಿಯುತ್ತ ಬರುವುದರಿಂದ ತೆಳುಗೆರೆ ಕಂಪಿಸುತ್ತದೆ. ಮೋಟಾರ್‌ಗೂ ಬಿಡುವಿಲ್ಲದೆ ಬಿಸಿಯೇರುತ್ತದೆ. ಟೈರಿಗೆ ಗಾಳಿ, ಮೊಳೆ ಹೊಡೆಯುವ ಗನ್, ಧೂಳು ಊದುವ ಕೆಲಸ, ಆಗಾಗ ಸಣ್ಣ ಸ್ಪ್ರೇ ಗನ್ ಇವೂ ಸೇರಿದರೆ 1ರಿಂದ 2 ಅಶ್ವಶಕ್ತಿಯ, 24ರಿಂದ 50 ಲೀಟರ್ ಟ್ಯಾಂಕಿನ ಯಂತ್ರ ಬೇಕು. ಅದಕ್ಕೆ ಉತ್ತಮ ರೆಗ್ಯುಲೇಟರ್ ಜೋಡಿಸಿದರೆ ಅದೇ ಯಂತ್ರ ಏರ್‌ಬ್ರಷ್‌ಗೂ ಒದಗುತ್ತದೆ. ಪುಟ್ಟ ಯಂತ್ರ ಮಾತ್ರ ದೊಡ್ಡ ಕೆಲಸಕ್ಕೆ ಒದಗದು.

ಸದ್ದು ಮತ್ತು ವಿದ್ಯುತ್

ಎಣ್ಣೆರಹಿತ ಅಗ್ಗದ ಯಂತ್ರಗಳ ಮೋಟಾರ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಅದರ ಸದ್ದು ಪಕ್ಕದ ಮನೆಗೂ ಕೇಳುತ್ತದೆ. 1,400 ಸುತ್ತಿನ ಯಂತ್ರಗಳು ಬೆಲೆಯಲ್ಲಿ ದುಬಾರಿ, ಸದ್ದಿನಲ್ಲಿ ಸೌಮ್ಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್ ಮಿತಿ. ಟ್ಯಾಂಕನ್ನು ಹಗಲಲ್ಲೇ ತುಂಬಿಟ್ಟುಕೊಂಡರೆ ರಾತ್ರಿ ಏರ್‌ಬ್ರಷ್ ಕೆಲಸವನ್ನು ಸ್ವಲ್ಪ ಹೊತ್ತು ಸದ್ದಿಲ್ಲದೆ ನಡೆಸಬಹುದು.

2 ಅಶ್ವಶಕ್ತಿ ಎಂದರೆ ಸುಮಾರು 1.5 ಕಿಲೋವ್ಯಾಟ್. ಚಾಲನೆಯ ಕ್ಷಣದಲ್ಲಿ ಮೋಟಾರ್ ಇದಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ ಭೂಸಂಪರ್ಕವಿರುವ 16 ಆಂಪಿಯರ್ ಪ್ಲಗ್ ಕಡ್ಡಾಯ. ವೋಲ್ಟೇಜ್ ಕುಸಿಯುವ ಊರುಗಳಲ್ಲಿ ದೊಡ್ಡ ಮೋಟಾರ್ ಗುಂಯ್‌ಗುಡುತ್ತ ನಿಂತು ಸುಟ್ಟುಹೋಗಬಹುದು. ತೆಳುವಾದ ಎಕ್ಸ್‌ಟೆನ್ಷನ್ ವೈರ್ ಎಳೆಯುವ ಬದಲು ಗಾಳಿಯ ಹೋಸನ್ನೇ ಉದ್ದ ಮಾಡಿಕೊಳ್ಳುವುದು ಲೇಸು.

ಮಳೆಗಾಲದ ಶತ್ರು

ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವಾಂಶವೂ ಸಾಂದ್ರಗೊಂಡು, ತಣಿದಾಗ ನೀರಾಗುತ್ತದೆ. ಆ ನೀರು ಬಣ್ಣದೊಡನೆ ಸಿಡಿದರೆ ಮೂರ್ತಿಯ ಮುಖದ ಮೇಲೆ ಕಲೆ ಖಚಿತ. ಗಣೇಶನ ಹಬ್ಬದ ಕೆಲಸ ಮಳೆಗಾಲದಲ್ಲೇ ಬರುವುದರಿಂದ ಕರಾವಳಿ, ಮಲೆನಾಡುಗಳಲ್ಲಿ ನೀರು ತಡೆಯುವ ಫಿಲ್ಟರ್ ಇಲ್ಲದೆ ಯಂತ್ರ ಬಳಸುವುದು ಸಲ್ಲ. ಗಾಳಿ ತಣಿದ ಮೇಲೆಯೇ ನೀರು ಬೇರ್ಪಡುವುದರಿಂದ ಫಿಲ್ಟರನ್ನು ಯಂತ್ರದ ಬಾಯಿಯಲ್ಲಲ್ಲ, ಹೋಸಿನ ಕೊನೆಯ ಭಾಗದಲ್ಲಿ ಇರಿಸಬೇಕು. ಎಣ್ಣೆ ಹಾಕುವ ಯಂತ್ರವಾದರೆ ಎಣ್ಣೆ ಹಿಡಿಯುವ ಫಿಲ್ಟರೂ ಬೇಕು.

ಅಪಾಯ ಎಲ್ಲಿದೆ?

ಅಡುಗೆಮನೆಯ ಪ್ರೆಷರ್ ಕುಕ್ಕರ್ ಸುಮಾರು 1 ಬಾರ್ ಒತ್ತಡದಲ್ಲಿ ಸೀಟಿ ಹಾಕುತ್ತದೆ. ಕಂಪ್ರೆಸರಿನ ಟ್ಯಾಂಕ್ ಅದರ ಎಂಟು ಪಟ್ಟು ಒತ್ತಡವನ್ನು ಹೊತ್ತು ಕುಳಿತಿರುತ್ತದೆ. ಒಳಗೆ ನಿಂತ ನೀರು ತಳವನ್ನು ತುಕ್ಕು ಹಿಡಿಸಿ ತೆಳುವಾಗಿಸಿದರೆ ಟ್ಯಾಂಕ್ ಸಿಡಿಯಬಹುದು. ಆದ್ದರಿಂದ ಪ್ರತಿದಿನ ಕೆಲಸ ಮುಗಿದ ಮೇಲೆ ತಳದ ತಿರುಪು ಸಡಿಲಿಸಿ ನೀರು ಹೊರಬಿಡಬೇಕು. ತುಕ್ಕಿನಿಂದ ತೂತಾದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿಸಬಾರದು. ಸುರಕ್ಷತಾ ವಾಲ್ವ್ ಮುಚ್ಚಬಾರದು. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ಅಡುಗೆ ಅನಿಲದ ಸಿಲಿಂಡರಿಗೆ ಜೋಡಿಸುವ ‘ಮನೆ ಉಪಾಯ’ ಉಳಿಸುವ ಹಣಕ್ಕಿಂತ ತರುವ ಅಪಾಯ ದೊಡ್ಡದು. ಒತ್ತಿದ ಗಾಳಿಗೆ ಪಿವಿಸಿ ಪೈಪ್ ಕೂಡದು. ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಗಾಳಿಯನ್ನು ಮೈಮೇಲೆ, ಬಟ್ಟೆಯ ಮೇಲೆ ಊದಿಕೊಳ್ಳಬಾರದು.

ಥಿನ್ನರ್ ಬಳಸುವಾಗ ಕಂಪ್ರೆಸರ್ ದೂರವಿರಲಿ. ಅದರ ಸ್ವಿಚ್ಚಿನ ಕಿಡಿಯೇ ಆವಿಗೆ ಬೆಂಕಿ ಹಚ್ಚೀತು. ಮೂಗಿಗೆ ಕಟ್ಟಿದ ಕರವಸ್ತ್ರ ಥಿನ್ನರಿನ ಆವಿಯನ್ನು ತಡೆಯದು. ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮುಖವಾಡ ಬೇಕು. ಹಾರ್ಡ್‌ನರ್ ಬೆರೆಸುವ ವಾಹನದ ಬಣ್ಣಗಳಲ್ಲಿರುವ ಐಸೊಸಯನೇಟ್ ಆಸ್ತಮಾ ತರಬಲ್ಲದು. ಅಂಥ ಬಣ್ಣಕ್ಕೆ ಮನೆ ತಕ್ಕ ಸ್ಥಳವಲ್ಲ.

ಅಂಗಡಿಯಲ್ಲೊಂದು ಪರೀಕ್ಷೆ

ಯಂತ್ರದ ನಿಜವಾದ ಸಾಮರ್ಥ್ಯ ತಿಳಿಯಲು ಕೈಗಡಿಯಾರವಿದ್ದರೆ ಸಾಕು. ಖಾಲಿ ಟ್ಯಾಂಕನ್ನು ತುಂಬಲು ಬಿಟ್ಟು, 8 ಬಾರ್ ತಲುಪುವ ಸಮಯ ನೋಡಬೇಕು. 24 ಲೀಟರ್ ಟ್ಯಾಂಕಿಗೆ ಹೋದ ಗಾಳಿ 24ರ 8 ಪಟ್ಟು, ಅಂದರೆ 192 ಲೀಟರ್. ಇದಕ್ಕೆ ಎರಡು ನಿಮಿಷ ಹಿಡಿದರೆ ಸರಾಸರಿ ಹರಿವು ನಿಮಿಷಕ್ಕೆ 96 ಲೀಟರ್. ಬಳಿಕ ಮೋಟಾರ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಬೇಕು. ಒತ್ತಡದ ಮುಳ್ಳು ಒಂದೇ ಸಮನೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ತನ್ನ ಗನ್ ಎಷ್ಟು ಲೀಟರ್ ಬೇಡುತ್ತದೆ ಎಂಬುದನ್ನು ಬರೆದುಕೊಂಡು ಹೋದವರು, ಈ ಪರೀಕ್ಷೆಯ ಅಂಕಿ ಅದಕ್ಕಿಂತ ಮೂರನೇ ಒಂದು ಭಾಗದಷ್ಟಾದರೂ ಹೆಚ್ಚಿರುವ ಯಂತ್ರವನ್ನು ಆರಿಸಿಕೊಂಡರೆ ಹಣ ವ್ಯರ್ಥವಾಗದು.