ಹಿಂದಿನ ಶಾಕ್ ಒಳಗೆ ಗ್ಯಾಸ್ ಬಂದ ಕಥೆ

ಹಾಲಿನ ಡೇರಿ ಇರುವ ಊರಿನವರಿಗೆ ನೈಟ್ರೋಜನ್ ಹೊಸದಲ್ಲ. ಹಸುವಿಗೆ ಇಂಜೆಕ್ಷನ್ ಕೊಡಲು ಬರುವವರ ಕ್ಯಾನಿನಲ್ಲಿ ವೀರ್ಯದ ಕಡ್ಡಿಗಳನ್ನು ಕಾಪಾಡುವುದು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್. ಅದೇ ನೈಟ್ರೋಜನ್, ಗ್ಯಾಸ್ ರೂಪದಲ್ಲಿ, ಡರ್ಟ್ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಒಳಗೂ ಕೂತಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಕಾಲದಲ್ಲಿ ಹಿಂದೆ ಜೋಡಿ ಶಾಕ್ ಇರುತ್ತಿತ್ತು. ಸ್ಪ್ರಿಂಗು, ಎಣ್ಣೆ, ಅಷ್ಟೆ. ಸ್ಪ್ರಿಂಗು ಭಾರ ಹೊರುತ್ತದೆ. ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುತ್ತಾ ಸ್ಪ್ರಿಂಗಿನ ಕುಣಿತ ತಡೆಯುತ್ತದೆ. ಆದರೆ ಮುಳಬಾಗಿಲಿನ ಬಂಡೆ ದಾರಿಯಲ್ಲೋ ಶ್ರೀನಿವಾಸಪುರದ ಮಾವಿನ ತೋಪಿನ ಹಳ್ಳದಲ್ಲೋ ಬಿಡುವಿಲ್ಲದೆ ಓಡಿಸಿ ನೋಡಿ. ಎಣ್ಣೆ ಕಾಯುತ್ತದೆ, ಒಳಗಿನ ಗಾಳಿಯ ಜೊತೆ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆಯಾಗುತ್ತದೆ. ನೊರೆ ಏನನ್ನು ತಡೆದೀತು? ಗಾಡಿ ಎಗರುತ್ತದೆ.

ಇದಕ್ಕೆ ದಾರಿ ಕಂಡವರು ಫ್ರಾನ್ಸಿನ ಡಿ ಕಾರ್ಬನ್. 1950ರ ದಶಕದಲ್ಲಿ ಅವರು ಎಣ್ಣೆಯನ್ನೂ ಗ್ಯಾಸನ್ನೂ ಬೇರೆ ಮಾಡಿ, ನಡುವೆ ಜಾರುವ ಪಿಸ್ಟನ್ ಇಟ್ಟರು. ಗ್ಯಾಸ್ ಸದಾ ಒತ್ತುತ್ತಿದ್ದರೆ ಎಣ್ಣೆಯಲ್ಲಿ ಗುಳ್ಳೆ ಏಳುವುದು ಕಷ್ಟ. ಮುಂದೆ ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಹಿಂದೆ ಎರಡರ ಬದಲು ಒಂದೇ ಶಾಕ್ ಇಡುವ ವಿನ್ಯಾಸ ಮಾಡಿದರು. ಯಮಹಾ ಅದನ್ನು ಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಆ ಯಮಹಾದಲ್ಲೇ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. ಜೋಡಿ ಶಾಕಿನ ಡರ್ಟ್ ಬೈಕಿನ ಕಾಲ ಅಲ್ಲಿಂದ ಮುಗಿಯುತ್ತಾ ಬಂತು.

ನಮ್ಮ ಕಡೆ ಗ್ಯಾಸ್ ಶಾಕ್ ಎಂಬ ಮಾತು ಓಡಾಡಿದ್ದು 2000ದ ದಶಕದಲ್ಲಿ, ಬಜಾಜ್ ಪಲ್ಸರ್‌ನ 'ನೈಟ್ರಾಕ್ಸ್' ಜೊತೆ. 2011ರಲ್ಲಿ ಹೀರೋ ಇಂಪಲ್ಸ್, 2019ರಲ್ಲಿ ಎಕ್ಸ್‌ಪಲ್ಸ್ 200 ಬಂದು ಮಣ್ಣುದಾರಿಯ ಗಾಡಿ ಹಳ್ಳಿ ಹುಡುಗರ ಕೈಗೂ ಸಿಕ್ಕಿತು. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಬಿಗ್ ರಾಕ್ ಡರ್ಟ್ ಪಾರ್ಕ್ ಕಟ್ಟಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. 2013ರಿಂದ ನರಸಾಪುರದಲ್ಲಿ ಹೋಂಡಾ ಕಾರ್ಖಾನೆಯೂ ಇದೆ. ಗಾಡಿ ಜೋಡಿಸುವ ಕೈಗಳು ಹೆಚ್ಚಾದವು. ಆದರೆ ಶಾಕ್ ಬಿಚ್ಚುವ ಕೆಲಸ ಬೇರೆಯೇ, ಅದನ್ನು ಕಲಿತವರು ಕಡಿಮೆ.

ನಾವು ಇದನ್ನು ಬರೆಯಲು ಕಾರಣವೂ ಅದೇ. ಕೋಲಾರವಿರಲಿ, ಮಾಲೂರಿರಲಿ, ಗ್ಯಾಸ್ ವೆಲ್ಡಿಂಗ್ ಅಂಗಡಿ ಹತ್ತಿರದಲ್ಲೇ ಸಿಗುತ್ತದೆ. ಅಲ್ಲಿರುವುದು ಆಕ್ಸಿಜನ್ ಸಿಲಿಂಡರ್. ಅದನ್ನು ಶಾಕಿಗೆ ತುಂಬಿಸಲೇಬೇಡಿ. ಒತ್ತಡದಲ್ಲಿರುವ ಆಕ್ಸಿಜನ್‌ಗೆ ಎಣ್ಣೆ ತಗುಲಿದರೆ ಬೆಂಕಿ ಹತ್ತಿ ಸಿಡಿಯುತ್ತದೆ. ಬರೀ ಗಾಳಿಯಲ್ಲಿ ಆ ಅಪಾಯ ಅಷ್ಟಿಲ್ಲ, ಆದರೆ ಅದರಲ್ಲಿ ತೇವ ಇರುತ್ತದೆ, ಒತ್ತಡ ಏರಿಳಿಯುತ್ತದೆ. ಬೇಕಾದದ್ದು ಒಣ ನೈಟ್ರೋಜನ್, ರೆಗ್ಯುಲೇಟರ್ ಹಾಕಿದ ಸಿಲಿಂಡರಿನಿಂದ.

ಡರ್ಟ್ ಬೈಕಿನ ಶಾಕಿಗೆ ಸಾಮಾನ್ಯವಾಗಿ 10 ಬಾರ್, ಅಂದರೆ ಸುಮಾರು 145 ಪಿಎಸ್‌ಐ. ನಿಮ್ಮ ಬೈಕ್ ಟೈರಿನ ನಾಲ್ಕೈದು ಪಟ್ಟು. ಸರಿಯಾದ ಅಂಕಿ ಕಂಪನಿಯ ಪುಸ್ತಕದಲ್ಲಿರುತ್ತದೆ. ಬಿಚ್ಚುವ ಮೊದಲು ಹಳೆಯ ಗ್ಯಾಸನ್ನು ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಮುಚ್ಚಳ ಮುಖಕ್ಕೇ ಹಾರೀತು. ಹೊಸ ಎಣ್ಣೆ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಗಾಳಿ ತೆಗೆದ ಮೇಲೆಯೇ ಗ್ಯಾಸ್. ತುಂಬಿದ ನಂತರ ಟೈರ್ ಗೇಜ್ ಹಾಕಿ ನೋಡುವ ಆಸೆ ಬೇಡ: ಒಳಗೆ ಜಾಗವೇ ಚಿಕ್ಕದು, ಗೇಜಿಗೆ ಹೋಗುವಷ್ಟು ಗ್ಯಾಸಿಗೇ ಒತ್ತಡ ಬಿದ್ದುಹೋಗುತ್ತದೆ. ವಾಲ್ವ್ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದರೆ ಸಾಕು.

ವಾಲ್ವೇ ಇಲ್ಲದೆ ಮುಚ್ಚಿ ಸೀಲ್ ಮಾಡಿದ ಶಾಕ್ ಆದರೆ ಇದ್ಯಾವುದೂ ನಡೆಯದು, ಹೊಸದನ್ನೇ ಹಾಕಿಸಬೇಕು.