ಶೇಕಡಾವಾರು ವಿಕಲತೆ, ಲೆಕ್ಕಕ್ಕೆ ಸಿಗದ ಆರೈಕೆ: ಕರ್ನಾಟಕದಲ್ಲಿ ವಿಕಲಚೇತನ ಮಕ್ಕಳ ಕುಟುಂಬಗಳಿಗಿರುವ ನೆರವಿನ ಒಂದು ವಿಮರ್ಶೆ

1. ಪೀಠಿಕೆ

ವಿಕಲಚೇತನ ಮಗುವಿರುವ ಮನೆಗೆ ಸರ್ಕಾರದ ನೆರವು ಬರುವುದು ಒಂದು ಪ್ರಮಾಣಪತ್ರದ ಮೂಲಕ. ವೈದ್ಯಕೀಯ ಪ್ರಾಧಿಕಾರ ಕೊಡುವ ಈ ಪತ್ರದಲ್ಲಿ, ಈಗಿನ ಯುಡಿಐಡಿ ಕಾರ್ಡಿನಲ್ಲಿ, ಮಗುವಿನ ನ್ಯೂನತೆಯ ಬಗೆಯೂ ಅದರ ಶೇಕಡಾವಾರು ಪ್ರಮಾಣವೂ ನಮೂದಾಗಿರುತ್ತವೆ. ಮಾಸಾಶನ, ರಿಯಾಯಿತಿ ಬಸ್ ಪಾಸು, ವಿದ್ಯಾರ್ಥಿವೇತನ, ತೆರಿಗೆ ವಿನಾಯಿತಿ ಎಲ್ಲವೂ ಆ ಅಂಕಿಯನ್ನೇ ಹಿಡಿದು ನಡೆಯುತ್ತವೆ. ಆದರೆ ಮಗುವಿಗೆ ಊಟ ಮಾಡಿಸುವವರು ಯಾರು, ರಾತ್ರಿ ಎಷ್ಟು ಬಾರಿ ಏಳಬೇಕಾಗುತ್ತದೆ, ಆರೈಕೆಗಾಗಿ ಮನೆಯವರಲ್ಲಿ ಯಾರು ದುಡಿಮೆ ಬಿಟ್ಟಿದ್ದಾರೆ ಎಂಬ ಪ್ರಶ್ನೆಗಳಿಗೆ ಆ ಪತ್ರದಲ್ಲಿ ಜಾಗವಿಲ್ಲ.

ಈ ಲೇಖನದ ವಾದ ಇಷ್ಟು: ನಮ್ಮ ನೆರವಿನ ವ್ಯವಸ್ಥೆ ಮಗುವಿನ ನ್ಯೂನತೆಯನ್ನು ಅಳೆಯುತ್ತದೆ, ಕುಟುಂಬದ ಆರೈಕೆಯನ್ನು ಅಳೆಯುವುದಿಲ್ಲ. ಹೀಗಾಗಿ ಯೋಜನೆಗಳ ಸಂಖ್ಯೆ ಬೆಳೆದಿದ್ದರೂ ಆರೈಕೆಯ ವೆಚ್ಚದ ದೊಡ್ಡ ಪಾಲನ್ನು ಮನೆಯೊಳಗಿನ ಒಬ್ಬರು, ಸಾಮಾನ್ಯವಾಗಿ ತಾಯಿ, ತಮ್ಮ ದುಡಿಯುವ ಸಮಯದಿಂದ ತೆರುತ್ತಿದ್ದಾರೆ. ಇದನ್ನು ಸರಿಪಡಿಸಲು ಬೇಕಾದ ಕಾನೂನಿನ ಆಧಾರ ಈಗಾಗಲೇ ಇದೆ. ಕಾಯ್ದೆಗಳು, ಸರ್ಕಾರಿ ಸಮೀಕ್ಷೆಗಳು ಹಾಗೂ ಪ್ರಕಟಿತ ಅಧ್ಯಯನಗಳ ಓದಿನ ಮೇಲೆ ಈ ವಾದವನ್ನು ಇಲ್ಲಿ ಕಟ್ಟಲಾಗಿದೆ.

ಸಮಸ್ಯೆಯ ವ್ಯಾಪ್ತಿಯನ್ನು ಎರಡು ಮೂಲಗಳಿಂದ ಗುರುತಿಸಬಹುದು. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತು. 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನ ಪ್ರಕಾರ, ದೇಶದ ವಿಕಲಚೇತನರಲ್ಲಿ ಪ್ರಮಾಣಪತ್ರ ಹೊಂದಿದವರು ಶೇ 28.8; ಸರ್ಕಾರದಿಂದ ನೆರವು ಪಡೆದವರು ಶೇ 21.8, ಆರೈಕೆದಾರರು ಇದ್ದವರು ಶೇ 62.1. ಈ ಮೂರು ಅಂಕಿಗಳನ್ನು ಜೊತೆಗಿಟ್ಟು ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸರ್ಕಾರ ಐವರಲ್ಲಿ ಒಬ್ಬರನ್ನು ತಲುಪಿದ್ದರೆ, ಆರೈಕೆದಾರರು ಐವರಲ್ಲಿ ಮೂವರನ್ನು ತಲುಪಿದ್ದಾರೆ. ಆ ಆರೈಕೆದಾರರಲ್ಲಿ ಹೆಚ್ಚಿನವರು ಮನೆಯವರೇ.

2. ಕಾನೂನಿನ ಕಣ್ಣಿನಲ್ಲಿ ಕುಟುಂಬ

ವಿಕಲಚೇತನರ ಕುರಿತ 1995ರ ಕಾಯ್ದೆ ಏಳು ಬಗೆಯ ವಿಕಲತೆಗಳನ್ನು ಗುರುತಿಸಿತ್ತು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿದ ಮೇಲೆ, ಅದಕ್ಕೆ ಹೊಂದುವಂತೆ ರೂಪಿಸಿದ ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಈ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಥಲಸ್ಸೇಮಿಯಾ, ಕಲಿಕಾ ನ್ಯೂನತೆಗಳಿರುವ ಮಕ್ಕಳ ಕುಟುಂಬಗಳಿಗೆ ಇದರಿಂದ ಕಾನೂನಿನ ಬಾಗಿಲು ಹೆಚ್ಚು ತೆರೆಯಿತು. 6ರಿಂದ 18 ವರ್ಷದೊಳಗಿನ, ಶೇ 40 ಅಥವಾ ಹೆಚ್ಚು ವಿಕಲತೆಯುಳ್ಳ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು 31ನೇ ಕಲಂ ಕೊಡುತ್ತದೆ. ವಿಕಲತೆಯ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಕೂಡದು ಎಂದು 9ನೇ ಕಲಂ ಹೇಳುತ್ತದೆ. ನ್ಯಾಯಾಲಯದ ಆದೇಶವಿದ್ದರೆ ಮಾತ್ರ ಅದಕ್ಕೆ ಹೊರತು.

ನಮ್ಮ ವಾದಕ್ಕೆ ಮುಖ್ಯವಾದವು ಇನ್ನೂ ಮೂರು ಅಂಶಗಳು. ಒಂದು, ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿ ಮತ್ತು ಕುಟುಂಬದವರನ್ನು ಕಾಯ್ದೆ ‘ಆರೈಕೆದಾರರು’ ಎಂದೇ ಗುರುತಿಸುತ್ತದೆ. ಎರಡು, ಸಾಮಾಜಿಕ ಭದ್ರತೆಯ 24ನೇ ಕಲಂ, ಹೆಚ್ಚಿನ ಬೆಂಬಲ ಬೇಕಿರುವವರಿಗೆ ಆರೈಕೆದಾರರ ಭತ್ಯೆಯನ್ನು ಹೆಸರಿಸುತ್ತದೆ. ಮೂರು, 38ನೇ ಕಲಂ ‘ಹೆಚ್ಚಿನ ಬೆಂಬಲದ ಅಗತ್ಯ’ವನ್ನು ಪ್ರತ್ಯೇಕವಾಗಿ ಅಳೆಯುವ ಮೌಲ್ಯಮಾಪನ ಮಂಡಳಿಗೆ ಅವಕಾಶ ಮಾಡುತ್ತದೆ. ಶೇಕಡಾವಾರು ಅಳತೆಯ ಪಕ್ಕದಲ್ಲೇ ಬೇರೊಂದು ಅಳತೆಗೋಲನ್ನು ಶಾಸನ ಇಟ್ಟಿದೆ ಎಂದಾಯಿತು. ದಿನನಿತ್ಯದ ಆಡಳಿತ ಮಾತ್ರ ಮೊದಲನೆಯದನ್ನೇ ಬಳಸುತ್ತದೆ. 24ನೇ ಕಲಂನಲ್ಲಿರುವ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತು ಅದಕ್ಕೆ ಅನುಕೂಲವನ್ನೂ ಮಾಡಿಕೊಟ್ಟಿದೆ.

ಎರಡು ಅಳತೆಗಳ ನಡುವಿನ ಅಂತರ ಸಣ್ಣದಲ್ಲ. ತೀವ್ರ ಶ್ರವಣದೋಷಕ್ಕೆ ಶೇ 80ರ ಪ್ರಮಾಣಪತ್ರ ಪಡೆದ ಹತ್ತು ವರ್ಷದ ಬಾಲಕಿ ಸೂಕ್ತ ಶಾಲೆ ಮತ್ತು ಸನ್ನೆಭಾಷೆ ದೊರೆತರೆ ತನ್ನ ಕೆಲಸಗಳನ್ನೆಲ್ಲ ತಾನೇ ಮಾಡಿಕೊಳ್ಳಬಲ್ಲಳು. ಆಟಿಸಂಗೆ ಶೇ 50 ಪಡೆದ, ನಿದ್ದೆ ಬಾರದ, ಬಾಗಿಲು ತೆರೆದರೆ ರಸ್ತೆಗೆ ಓಡುವ ಬಾಲಕನ ಮನೆಯಲ್ಲಿ ಒಬ್ಬರು ಸದಾ ಕಾವಲಿರಬೇಕಾಗುತ್ತದೆ. ಪ್ರಮಾಣಪತ್ರದ ಲೆಕ್ಕದಲ್ಲಿ ಎರಡನೆಯ ಮನೆಗೆ ಸಲ್ಲುವುದು ಕಡಿಮೆ. ಇದರ ಮೇಲೆ, ಚಿಕ್ಕ ಮಕ್ಕಳಿಗೆ ಕೊಡುವ ಪತ್ರ ಎಷ್ಟೋ ವೇಳೆ ತಾತ್ಕಾಲಿಕ. ವಯಸ್ಸು ಏರಿದಂತೆ ಜಿಲ್ಲಾಸ್ಪತ್ರೆಗೆ ಮತ್ತೆ ಅಲೆಯಬೇಕು.

3. ನೆರವಿನ ಮೊತ್ತ ಮತ್ತು ಕಳೆದುಕೊಂಡ ಕೂಲಿ

ಕರ್ನಾಟಕದಲ್ಲಿ ಮಾಸಾಶನವು ಶೇ 40ರಿಂದ 75ರವರೆಗಿನ ವಿಕಲತೆಗೆ 800 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 1,400 ರೂಪಾಯಿ ಎಂಬ ದರದಲ್ಲಿ ಸಲ್ಲುತ್ತ ಬಂದಿದೆ. ತೀವ್ರ ಬೌದ್ಧಿಕ ವಿಕಲತೆಗೆ ಇದಕ್ಕಿಂತ ಹೆಚ್ಚಿನ ದರವಿದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಕೆಲವು ಸ್ಥಿತಿಗಳಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಯನ್ನೂ ರಾಜ್ಯ ಸರ್ಕಾರ ಈಚೆಗೆ ತಂದಿದೆ. ಆರೈಕೆಯನ್ನು ಕೆಲಸವೆಂದು ಒಪ್ಪಿಕೊಂಡಿದ್ದು ತತ್ವದ ಮಟ್ಟದಲ್ಲಿ ದೊಡ್ಡ ಹೆಜ್ಜೆ. ಮೊತ್ತವನ್ನು ಮಾತ್ರ ಕೂಲಿಯ ಪಕ್ಕದಲ್ಲಿಟ್ಟು ನೋಡಬೇಕು. 2025-26ರಲ್ಲಿ ರಾಜ್ಯದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ. ಆರೈಕೆದಾರರ ತಿಂಗಳ ಭತ್ಯೆ ಮೂರು ದಿನದ ಕೂಲಿಗೂ ಸಮವಲ್ಲ. ಶೇ 75 ಮೀರಿದ ಮಗುವಿನ ಮಾಸಾಶನ ನಾಲ್ಕು ದಿನದ ಕೂಲಿಗಿಂತ ಕಡಿಮೆ. ವಾರಕ್ಕೆರಡು ಬಾರಿ ಫಿಸಿಯೋಥೆರಪಿಗೆಂದು ತಾಲ್ಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಮಗುವನ್ನು ಎತ್ತಿಕೊಂಡು ಹೋಗುವ ತಾಯಿ ತಿಂಗಳಿಗೆ ಎಂಟು ದಿನದ ಕೂಲಿ ಬಿಡುತ್ತಾಳೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಆಕೆಯ ಬಸ್ ಖರ್ಚನ್ನು ಉಳಿಸಿದೆ. ದಿನ ಮಾತ್ರ ಉಳಿದಿಲ್ಲ.

ತೆರಿಗೆಯ ರಿಯಾಯಿತಿ ಇನ್ನೊಂದು ಬಗೆಯ ಅಸಮತೆ ತೋರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ ವಿಕಲಚೇತನ ಅವಲಂಬಿತರಿರುವ ತೆರಿಗೆದಾರರಿಗೆ 75,000 ರೂಪಾಯಿ, ತೀವ್ರ ವಿಕಲತೆಗೆ 1,25,000 ರೂಪಾಯಿ ಕಡಿತ ಕೊಟ್ಟಿತ್ತು. ತೆರಿಗೆ ಕಟ್ಟುವಷ್ಟು ಆದಾಯವಿದ್ದ ಮನೆಗೆ ಸಿಕ್ಕ ಈ ಅನುಕೂಲ ಕೃಷಿ ಕೂಲಿಯ ಮನೆಗೆ ಸಿಗುವ ಹಾಗೇ ಇರಲಿಲ್ಲ. ರಜೆಯ ವಿಷಯವೂ ಹಾಗೆಯೇ. ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಅಧ್ಯಾಪಕಿಗೆ ಮಗನ ಆರೈಕೆಗೆ ರಜೆ ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮಹತ್ವದ ಮಾತು ಹೇಳಿತು. ಉದ್ಯೋಗದಲ್ಲಿ ಮಹಿಳೆಯರ ಸಮಾನ ಭಾಗವಹಿಸುವಿಕೆ ಸಾಂವಿಧಾನಿಕ ಅಗತ್ಯ. ವಿಕಲಚೇತನ ಮಕ್ಕಳ ತಾಯಂದಿರ ರಜೆಯನ್ನು ಆ ಬೆಳಕಿನಲ್ಲಿ ಕಾಣಬೇಕು ಎಂಬುದು ಅದರ ಸಾರ. ಸರ್ಕಾರಿ ನೌಕರಿಯಲ್ಲಿರುವವರಿಗೆ ಇದು ನೆಮ್ಮದಿ. ಬೀಡಿ ಕಟ್ಟುವವರಿಗೆ, ಗಾರ್ಮೆಂಟ್ಸ್‌ಗೆ ಹೋಗುವವರಿಗೆ, ಮನೆಗೆಲಸದವರಿಗೆ ಇಂಥ ಹಕ್ಕು ಕೈಗೆಟುಕಿಲ್ಲ.

ಆರೈಕೆ ಯಾರ ಹೆಗಲ ಮೇಲಿದೆ ಎಂಬುದಕ್ಕೆ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪುರಾವೆ ಒದಗಿಸುತ್ತದೆ. ಮನೆಯವರ ಆರೈಕೆಯಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ಕೊಟ್ಟ ಸಮಯ ದಿನಕ್ಕೆ 134 ನಿಮಿಷ, ಪುರುಷರು 76 ನಿಮಿಷ. ಇದು ಎಲ್ಲ ಬಗೆಯ ಮನೆಗಳ ಸರಾಸರಿ. ಬೇರೆ ಮಕ್ಕಳು ಬೆಳೆದಂತೆ ಕಡಿಮೆಯಾಗುವ ಈ ಹೊತ್ತು, ತೀವ್ರ ವಿಕಲತೆಯುಳ್ಳ ಮಗುವಿನ ಮನೆಯಲ್ಲಿ ಮಗುವಿನ ತೂಕ ಏರಿದಂತೆ ಹೆಚ್ಚುತ್ತಲೇ ಹೋಗಬಹುದು.

4. ತರಬೇತಿ: ನೆರವೂ ಹೌದು, ಹೊರೆಯೂ ಹೌದು

ಕುಟುಂಬದ ಬೆಂಬಲವೆಂದರೆ ಹೆತ್ತವರಿಗೆ ತರಬೇತಿ ಎಂಬ ತಿಳಿವಳಿಕೆ ಭಾರತದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಅದಕ್ಕೆ ಸಕಾರಣವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳು ಮಗುವಿನ ಚಿಕಿತ್ಸೆಯಲ್ಲಿ ಹೆತ್ತವರನ್ನು ಬಹುಕಾಲದಿಂದ ಪಾಲುದಾರರನ್ನಾಗಿ ಮಾಡಿಕೊಂಡಿವೆ. ವೆಲ್ಲೂರಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೌದ್ಧಿಕ ವಿಕಲತೆಯುಳ್ಳ ಮಕ್ಕಳ 57 ಪೋಷಕರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಹತ್ತು ವಾರಗಳ ಗುಂಪು ಶಿಕ್ಷಣ ಪಡೆದವರಲ್ಲಿ ಮಗುವಿನ ಬಗೆಗಿನ ಮನೋಭಾವ ಸುಧಾರಿಸಿದ್ದನ್ನು ಕಂಡಿತು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳೊಂದಿಗೆ ನಡೆದ, 2016ರಲ್ಲಿ ಪ್ರಕಟವಾದ ‘ಪಾಸ್’ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ಪೋಷಕರಿಗೆ ಕಲಿಸಿದರೂ, ಮಗುವಿನ ಸೂಚನೆಗೆ ಸ್ಪಂದಿಸುವ ರೀತಿ ಸುಧಾರಿಸಿತು. ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ಆದರೆ ಪರಸ್ಪರ ಗಮನ ಹಂಚಿಕೊಳ್ಳುವ ಸಮಯ ಕಡಿಮೆಯಾಯಿತು. ಭಾಷಾ ಚಿಕಿತ್ಸಕರು ವಿರಳವಾದ ಜಿಲ್ಲೆಗಳಿಗೆ ಇದು ಉಪಯುಕ್ತ ಫಲಿತಾಂಶ.

ಇಂಥ ಎಲ್ಲ ಪದ್ಧತಿಗಳೂ ತಾಯಿಯ ಬಳಿ ಸಮಯವಿದೆ ಎಂದು ಭಾವಿಸಿಯೇ ಹೊರಡುತ್ತವೆ. ಮೈಸೂರಿನಲ್ಲಿ ಕಿವುಡು ಮಕ್ಕಳ ಹೆತ್ತವರೇ ಸಂಘ ಕಟ್ಟಿ ನಡೆಸುವ ಶಾಲೆಯಲ್ಲಿ ತಾಯಿಯೂ ಮಗುವಿನ ಜೊತೆ ತರಗತಿಗೆ ಬಂದು ಕಲಿಯುತ್ತಾಳೆ. ಈ ಮಾದರಿಯ ಸಾಧನೆಯನ್ನು ಮೆಚ್ಚಲೇಬೇಕು. ಆದರೆ ದೂರದ ಊರಿನ ಕುಟುಂಬಕ್ಕೆ ಅದರ ಅರ್ಥ ಮೈಸೂರಿನಲ್ಲಿ ಬಾಡಿಗೆ ಮನೆ, ಊರಿನಲ್ಲಿ ಉಳಿದ ಗಂಡ ಮತ್ತು ಇತರ ಮಕ್ಕಳು, ನಿಂತುಹೋದ ಒಂದು ದುಡಿಮೆ. ಆ ಅವಧಿಯ ನಷ್ಟವನ್ನು ತುಂಬಿಕೊಡುವ ಯೋಜನೆಯಿಲ್ಲದಿದ್ದರೆ, ಇಂಥ ಸೌಲಭ್ಯ ತಕ್ಕಮಟ್ಟಿಗೆ ಅನುಕೂಲವಿದ್ದವರಿಗಷ್ಟೇ ದಕ್ಕುತ್ತದೆ. ಮೇಲೆ ಹೇಳಿದ 76ನೇ ಸುತ್ತಿನ ಸಮೀಕ್ಷೆಯಲ್ಲಿ, 3ರಿಂದ 35 ವಯಸ್ಸಿನ ವಿಕಲಚೇತನರ ಪೈಕಿ ಶಾಲಾಪೂರ್ವ ತರಬೇತಿಯ ನೆರವು ಪಡೆದವರು ಶೇ 10.1 ಮಾತ್ರ ಎಂಬುದಕ್ಕೆ ಕೇಂದ್ರಗಳ ಕೊರತೆ ಒಂದು ಕಾರಣವಾದರೆ, ಕೇಂದ್ರಕ್ಕೆ ಹೋಗಿಬರುವ ಬಿಡುವಿನ ಕೊರತೆ ಇನ್ನೊಂದು ಎಂದು ತರ್ಕಿಸಬಹುದು.

5. ಕೊಕ್ಕಡದ ಅನುಭವ ಹೇಳುವುದೇನು?

ದಕ್ಷಿಣ ಕನ್ನಡ ಜಿಲ್ಲೆಯ ಎಂಡೋಸಲ್ಫಾನ್ ಪ್ರಕರಣ ಇಲ್ಲಿ ಬೇರೆಯದೇ ಪಾಠ ಹೇಳುತ್ತದೆ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ ಹೆಲಿಕಾಪ್ಟರ್ ಮೂಲಕ ಸಿಂಪಡಿಸಿದ ಈ ಕೀಟನಾಶಕವನ್ನು ಸುಪ್ರೀಂ ಕೋರ್ಟ್ 2011ರ ಮೇ 13ರಂದು ಮಧ್ಯಂತರ ಆದೇಶದಿಂದ ನಿಷೇಧಿಸಿತು. ತೋಟಗಳ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟು ವಿಕಲತೆಯುಳ್ಳವರ ಕುಟುಂಬಗಳು ವರ್ಷಗಟ್ಟಲೆ ಹೋರಾಡಿದ ಫಲವಾಗಿ ಪ್ರತ್ಯೇಕ ಮಾಸಾಶನ, ಉಚಿತ ಚಿಕಿತ್ಸೆ, ಕೊಕ್ಕಡ ಮತ್ತು ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು.

ಈ ಕೇಂದ್ರಗಳ ಮಹತ್ವ ಎರಡು ಬಗೆಯದು. ಮಗುವಿಗೆ ಥೆರಪಿ, ಊಟ, ಒಡನಾಟ ಒಂದೇ ಕಡೆ ದೊರೆಯುತ್ತವೆ; ಜೊತೆಗೆ ಹಗಲಿನ ಕೆಲವು ಗಂಟೆಗಳು ತಾಯಿಗೆ ಮರಳಿ ಸಿಗುತ್ತವೆ. ನಗದು ನೆರವು ಕೊಡಲಾಗದ್ದು ಈ ಎರಡನೆಯದು. ಮಿತಿಯೂ ಇದೆ. ಇಲ್ಲಿ ನೆರವಿಗೆ ಆಧಾರ ವಿಕಲತೆಯ ಕಾರಣ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೆ ಅದೇ ಬಗೆಯ ಆರೈಕೆ ಬೇಕಿದ್ದರೂ ಈ ಪ್ಯಾಕೇಜು ಸಲ್ಲದು. ಶೇಕಡಾವಾರು ಅಳತೆಯಂತೆ ಕಾರಣದ ಅಳತೆಯೂ ಆರೈಕೆಯ ಅಗತ್ಯವನ್ನು ಹಿಡಿಯುವುದಿಲ್ಲ. ಆದರೂ ಹಳ್ಳಿಯ ಮಟ್ಟದಲ್ಲಿ ಹಗಲು ಪಾಲನೆ ಸಾಧ್ಯ ಎಂಬುದನ್ನು ರಾಜ್ಯದೊಳಗೇ ತೋರಿಸಿಕೊಟ್ಟ ಉದಾಹರಣೆ ಇದು.

6. ಹದಿನೆಂಟು ತುಂಬಿದ ಮೇಲೆ

ಮಗುವಿಗೆ 18 ತುಂಬಿದ ದಿನ ತಂದೆತಾಯಿಯ ಸಹಜ ಪೋಷಕತ್ವ ಕಾನೂನಿನಲ್ಲಿ ಕೊನೆಗೊಳ್ಳುತ್ತದೆ. ‘ನಮ್ಮ ಕಾಲಾನಂತರ ಯಾರು ನೋಡುತ್ತಾರೆ’ ಎಂಬ ಹೆತ್ತವರ ಆತಂಕಕ್ಕೆ ಉತ್ತರವಾಗಿಯೇ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂದಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆಯುಳ್ಳ ವಯಸ್ಕರಿಗೆ ಜಿಲ್ಲಾಧಿಕಾರಿಯನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸಬಲ್ಲದು. ಇದೇ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಮತ್ತು ಥೆರಪಿಗಳ ವೆಚ್ಚ ಭರಿಸುತ್ತದೆ. ‘ಸಮರ್ಥ್’ ಯೋಜನೆ ಕುಟುಂಬಕ್ಕೆ ಬಿಡುವು ಕೊಡುವ ತಾತ್ಕಾಲಿಕ ವಸತಿಗಾಗಿ ರೂಪುಗೊಂಡಿತು. ಇವು ನೋಂದಾಯಿತ ಸಂಸ್ಥೆಗಳ ಮೂಲಕ ನಡೆಯುವುದರಿಂದ ಅಂಥ ಸಂಸ್ಥೆ ಇಲ್ಲದ ತಾಲ್ಲೂಕಿನ ಕುಟುಂಬಕ್ಕೆ ಹೆಸರಿಗಷ್ಟೇ ಉಳಿಯುತ್ತವೆ.

7. ಉಪಸಂಹಾರ

ಹೊಸ ಯೋಜನೆಗಳಿಗಿಂತ ಇರುವ ಸಾಧನಗಳ ಮರುಜೋಡಣೆ ಇಂದಿನ ಅಗತ್ಯ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 2007-08ರಿಂದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರು ಸ್ವತಃ ವಿಕಲಚೇತನರು, ಮನೆಮನೆಯ ಪರಿಚಯವುಳ್ಳವರು. ಸ್ಥಳೀಯ ಸಂಸ್ಥೆಗಳಲ್ಲಿ ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇ 5ರ ನಿಧಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಿವೆ. ತೀವ್ರ ವಿಕಲತೆಯ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣದ ಆಯ್ಕೆ ಕೊಟ್ಟಿದೆ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಕೈಯಲ್ಲಿರುವುದರಿಂದ, ಒಂದನ್ನೊಂದು ಹೊಂದಿಸುವ ಕೆಲಸವೂ ತಾಯಿಯ ಪಾಲಿಗೇ ಬಿದ್ದಿದೆ.

ಆದ್ದರಿಂದ ನಾಲ್ಕು ಕ್ರಮಗಳನ್ನು ಸೂಚಿಸಬಹುದು. ಪ್ರಮಾಣಪತ್ರದ ಜೊತೆಗೇ 38ನೇ ಕಲಂ ಪ್ರಕಾರ ಬೆಂಬಲದ ಅಗತ್ಯವನ್ನು ಅಳೆದು, ಆರೈಕೆದಾರರ ಭತ್ಯೆಯನ್ನು ರೋಗದ ಹೆಸರಿಗೆ ಬದಲಾಗಿ ಆ ಅಳತೆಗೆ ಜೋಡಿಸಬೇಕು. ಭತ್ಯೆಯ ಮೊತ್ತವನ್ನು ಉದ್ಯೋಗ ಖಾತರಿ ಕೂಲಿಯ ಇಂತಿಷ್ಟು ದಿನಗಳೆಂದು ನಿಗದಿಪಡಿಸಬೇಕು. ಕೂಲಿ ಏರಿದಾಗ ಅದೂ ತಾನಾಗಿ ಏರುತ್ತದೆ. ಕೆಲವು ಪಂಚಾಯಿತಿಗಳು ಸೇರಿ ಶೇ 5ರ ನಿಧಿಯಿಂದ ಹಗಲು ಪಾಲನಾ ಕೇಂದ್ರ ನಡೆಸಲು ಸ್ಪಷ್ಟ ಆದೇಶ ಬೇಕು, ಥೆರಪಿಸ್ಟರು ನಿಗದಿತ ದಿನಗಳಲ್ಲಿ ಅಲ್ಲಿಗೇ ಬರಬೇಕು. ಮುಂದಿನ ಸಮೀಕ್ಷೆಗಳು ಆರೈಕೆದಾರರು ಇದ್ದಾರೆಯೇ ಎಂದು ಕೇಳುವುದರ ಜೊತೆಗೆ ಎಷ್ಟು ಗಂಟೆ ದುಡಿಯುತ್ತಾರೆ, ಯಾವ ಸಂಪಾದನೆ ಬಿಟ್ಟಿದ್ದಾರೆ ಎಂದೂ ಕೇಳಬೇಕು.

ಮಗುವನ್ನು ಕುಟುಂಬದಿಂದ ಬೇರ್ಪಡಿಸಬಾರದೆಂದು ಕಾನೂನು ವಿಧಿಸುತ್ತದೆ. ಹಾಗೆ ವಿಧಿಸಿದ ಮೇಲೆ ಆ ಕುಟುಂಬ ಆರೈಕೆಯ ಭಾರದಿಂದ ಬಡತನಕ್ಕೆ ಇಳಿಯದಂತೆ ನೋಡಿಕೊಳ್ಳುವುದೂ ಸರ್ಕಾರದ ಹೊಣೆ. ಅದನ್ನು ದಾನವೆಂದು ಎಣಿಸದೆ, ಈಗಾಗಲೇ ನಡೆಯುತ್ತಿರುವ ಕೆಲಸಕ್ಕೆ ಸಲ್ಲಬೇಕಾದ ಪಾವತಿಯೆಂದು ಆಯವ್ಯಯದಲ್ಲಿ ದಾಖಲಿಸಬೇಕು.